ಮಾಸ್ತರ ಓಡಿಹೋಗುವುದಿಲ್ಲ, ಓಡಿಸುತ್ತಾರೆ

ಇನ್ನೂ ಮಬ್ಬುಗತ್ತಲು. ದುಬಲಗುಂಡಿಯಾಚೆಗಿನ ಕಪ್ಪರವಾಡಿಯಲ್ಲಿ ಗಯಾಬಾಯಿ ಬಾವಿಯ ಹದಿನೆಂಟು ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ಇದು ಅವರ ಮನೆಯ ನೀರಲ್ಲ. ಎರಡು ಕೊಡ ಸಾಲೆಯ ಕುಡಿಯುವ ನೀರಿನ ಹರವಿಗೆ, ಇನ್ನು ನಾಲ್ಕು ಮಾಸ್ತರಬಾಯಿಯ ಮನೆಗೆ. ಆ ಮನೆ ಊರ ಹೊರಗಿನ ಕೇರಿಯಲ್ಲಿದೆ. ಅಲ್ಲಿಯವರು ಈ ಬಾವಿಗೆ ಇಳಿಯುವಂತಿಲ್ಲ. ಕೊಡ ಹೊತ್ತು ಗಯಾಬಾಯಿ ಆ ಹಾದಿ ಹಿಡಿದ ಕೂಡಲೇ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕುಳಿತವರು ಮುಖ ತಿರುಗಿಸುತ್ತಾರೆ. ಒಬ್ಬ ಉಗಿಯುತ್ತಾನೆ. ಗಯಾಬಾಯಿ ನಿಲ್ಲುವುದಿಲ್ಲ.

ಮೂರು ಸಲ ಹೋಗಿ ಬಂದ ಮೇಲೆ ಸಾಲೆಯ ಬೀಗ ತೆಗೆಯುವುದು, ಕಸ ಹೊಡೆಯುವುದು. ಆಮೇಲೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆಯುವುದು. ದಿನಕ್ಕೆ ಹದಿನಾಲ್ಕು ಮನೆ. ಕೆಲವು ಮನೆಗಳಲ್ಲಿ ಬೈಗುಳ ಸಿಗುತ್ತದೆ, ಕೆಲವು ಮನೆಗಳಲ್ಲಿ ಮಗು ಸಿಗುತ್ತದೆ.

ಸರ್ಕಾರದ ಕಾಗದದಲ್ಲಿ ಇವರು ಕಸ ಹೊಡೆಯುವ ಹೆಂಗಸು, ಅಷ್ಟೆ. ಆದರೆ ಈ ಹನ್ನೊಂದು ವರ್ಷ ಇವರು ನಿಜವಾಗಿ ಮಾಡಿದ ಕೆಲಸ ಬೇರೆ. ಮಾಸ್ತರರನ್ನು ಹುಡುಕಿದ್ದಾರೆ, ಕರೆತಂದಿದ್ದಾರೆ, ಊರಿನಲ್ಲಿ ನಿಲ್ಲಿಸಿಕೊಂಡಿದ್ದಾರೆ. ಈ ಕೆಲಸಕ್ಕೆಂದೇ ಮೇಲೆ ಕುರ್ಚಿ ಹಾಕಿಕೊಂಡು ಕುಳಿತವರಿದ್ದಾರೆ. ಅವರು ಕುಳಿತೇ ಇದ್ದಾರೆ.

ಗಯಾಬಾಯಿಗೆ ಈಗ ಐವತ್ತರ ಆಸುಪಾಸು. ಗಂಡ ಪ್ಲೇಗಿನಲ್ಲಿ ಹೋದ. 1935ರಲ್ಲಿ ಊರಿಗೆ ಸಾಲೆ ಬಂದಾಗ ಕೆಲಸಕ್ಕೆ ಸೇರಿದರು. ಅಕ್ಷರ ಬಾರದು. ಆದರೆ ಬಂದುಹೋದ ಹತ್ತು ಮಾಸ್ತರರ ಹೆಸರು, ಬಂದ ತಿಂಗಳು, ಹೋದ ದಿನ ಎಲ್ಲವೂ ಬಾಯಿಪಾಠ. ಮೊದಲ ನಾಲ್ಕು ವರ್ಷದಲ್ಲೇ ಏಳು ಮಂದಿ! ಪಾಠ ಉರ್ದುವಿನಲ್ಲೇ ಆಗಬೇಕೆಂದು ಸರ್ಕಾರದ ಕಾನೂನು. ಒಬ್ಬರಿಗೆ ಕನ್ನಡ ಬರುತ್ತಿರಲಿಲ್ಲ, ಮಕ್ಕಳಿಗೆ ಉರ್ದು ಬರುತ್ತಿರಲಿಲ್ಲ. ಮೂರು ತಿಂಗಳು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತು ಆತ ಗಂಟು ಕಟ್ಟಿದರು. ಇನ್ನೊಬ್ಬರಿಗೆ ಇರಲು ಮನೆ ಸಿಗಲಿಲ್ಲ. ಹನುಮಂತ ದೇವರ ಗುಡಿಯಲ್ಲಿ ಮಲಗಿ ಚಳಿಜ್ವರ ಹಿಡಿಸಿಕೊಂಡು ಎತ್ತಿನ ಗಾಡಿಯಲ್ಲಿ ಹೋದರು. ಕಚೇರಿಯ ಕಡತದಲ್ಲಿ ಎಲ್ಲರ ಹೆಸರಿನ ಮುಂದೂ ಒಂದೇ ಷರಾ: ಹೇಳದೆ ಕೇಳದೆ ಹೋದರು.

“ಮಾಸ್ತರ ಓಡಿ ಹೋಗಂಗಿಲ್ರಿ, ಓಡಸ್ತಾರ,” ಎನ್ನುತ್ತಾರೆ ಗಯಾಬಾಯಿ. ಕಸಬರಿಗೆ ನೆಲಕ್ಕೆ ಕುಟ್ಟುತ್ತಾರೆ. “ಎತ್ತು ತರಬೇಕಂದ್ರ ಮೊದಲ ಗ್ವಾದಲಿ ನೋಡ್ತೀರಿ, ಮೇವು ನೋಡ್ತೀರಿ. ಒಬ್ಬ ಮನಷ್ಯಾನ ತರ್ತೀರಿ, ಎಲ್ಲಿ ಮಲಗ್ತಾನ, ಏನ ಉಣ್ತಾನ, ಯಾರರ ಕೇಳೀರೇನು?”

ಐದನೆಯ ಮಾಸ್ತರರ ಮಾತು ಬಂದಾಗ ಮಾತ್ರ ಈ ಸಿಟ್ಟು ತಿರುಗಿ ಗಯಾಬಾಯಿಯ ಮೇಲೆಯೇ ಬೀಳುತ್ತದೆ. ಆ ಮಾಸ್ತರರ ಹೆಸರು ದಿಗಂಬರ. ಇಪ್ಪತ್ತೆರಡು ವರ್ಷ, ಲೆಕ್ಕದಲ್ಲಿ ಎತ್ತಿದ ಕೈ. ಬೇರೊಂದು ಊರಿನ ಹೊರಗೇರಿಯಿಂದ ಬಂದವರು. ಮೂರನೆಯ ದಿನ ಪಾಠದ ನಡುವೆ ಬಾಯಾರಿ ನೀರು ಕೇಳಿದರು.

“ಅವರು ಬೊಗಸಿ ಹಿಡದ್ರು. ನಾನು ದೂರ ನಿಂತು ಮ್ಯಾಲಿಂದ ಸುರವಿದೆ. ಸಾಲಿ ತುಂಬ ಹುಡುಗ್ರು ನೋಡಾಕತ್ತಿದ್ರು. ಹುಡುಗರ ಕಣ್ಣೆದುರಿಗಿ ಮಾಸ್ತರನ್ನ ಸಣ್ಣಾಂವನ್ನ ಮಾಡಿದೆ. ಆಮ್ಯಾಲ ಆ ಹುಡುಗ್ರು ಅವರ ಮಾತು ಹ್ಯಾಂಗ ಕೇಳ್ತಾವ್ರಿ? ಹದಿನೇಳನೇ ದಿನಕ್ಕ ಹೋದ್ರು. ಉಳದವರನ್ನ ಊರು ಓಡಸ್ತು. ದಿಗಂಬರ ಮಾಸ್ತರನ್ನ ಓಡಿಸಿದಾಕಿ ನಾನು. ಇದನ್ನೂ ಬರ್ಕೋರಿ.”

ಬರೆದುಕೊಂಡಿದ್ದಾಯಿತು. ತನ್ನ ತಪ್ಪನ್ನು ಬರೆದುಕೊಳ್ಳಿ ಎಂದ ಅಧಿಕಾರಿಯನ್ನು ಈ ಸೀಮೆಯಲ್ಲಿ ಇನ್ನೂ ಕಂಡಿಲ್ಲ.

ಏಳನೆಯವರೂ ಹೋದ ಮೇಲೆ, 1939ರ ಬೇಸಿಗೆಯಲ್ಲಿ, ಗಯಾಬಾಯಿ ತಾವೇ ಮಾಸ್ತರರನ್ನು ಹುಡುಕಲು ಹೊರಟರು. ಹುಮನಾಬಾದಿನ ಸಂತೆಯಲ್ಲಿ ಸಿಕ್ಕ ಸಿಕ್ಕವರನ್ನೆಲ್ಲ ಕೇಳಿದರು. ಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಖಮರುದ್ದೀನ್ ಎಂಬ ಹುಡುಗ ಇದ್ದಾನೆ, ಉರ್ದು ಕಲಿತಿದ್ದಾನೆ, ಮನೆಮಾತಿನಷ್ಟೇ ಚೆಂದ ಕನ್ನಡ ಆಡುತ್ತಾನೆ, ಓಣಿಯ ಮಕ್ಕಳಿಗೆ ಉಸುಕಿನಲ್ಲಿ ಅಕ್ಷರ ತಿದ್ದಿಸುತ್ತಾನೆ ಎಂದು ಯಾರೋ ಹೇಳಿದರು. ಜೋಳದ ಗಾಡಿ ಹತ್ತಿ ಕಲ್ಯಾಣಕ್ಕೆ ಹೋದರು. ಹೋದವರು ಖಮರುದ್ದೀನರ ಹತ್ತಿರ ಮಾತೇ ಆಡಲಿಲ್ಲ. ನೇರ ಒಳಗೆ ಹೋಗಿ ಅವರ ಹೆಂಡತಿ ಜೈನಬಿಯ ಮುಂದೆ ಕುಳಿತರು.

“ಹೆಂಡ್ತಿ ಬಂದ್ರ ಮಾಸ್ತರ ನಿಲ್ತಾನ್ರಿ. ಹೆಂಡ್ತಿ ಬರ್ಲಿಲ್ಲಂದ್ರ ಅವನ ಜೀವ ಹಾದ್ಯಾಗ ಇರ್ತದ,” ಎಂದು ಈಗಲೂ ನಗುತ್ತಾರೆ.

ಜೈನಬಿ ಕೇಳಿದ್ದು ಎರಡೇ ಮಾತು. “ನೀರು ಎಷ್ಟ ದೂರ ಅಕ್ಕಾ? ಮನಿ ಯಾರ ಕೊಡ್ತಾರ?”

ನೀರು ನಾನು ತರುತ್ತೇನೆ ಎಂದರು ಗಯಾಬಾಯಿ. ಮನೆ ಹುಡುಕಲೆಂದು ಊರಿಗೆ ಮರಳಿ, ಖಾಲಿ ಬಿದ್ದ ಒಂದು ಮನೆಯಿದ್ದ ಮಹಾರುದ್ರಪ್ಪ ಎಂಬ ರೈತನ ಬಾಗಿಲಲ್ಲಿ ಕುಳಿತರು. ಮೊದಲ ದಿನ ಆತ ಇವರನ್ನು ದಾಟಿಕೊಂಡು ಹೊಲಕ್ಕೆ ಹೋದ. ಎರಡನೆಯ ದಿನ “ಅವರು ತುರುಕರು, ನಾವು ಲಿಂಗವಂತರು, ಹ್ಯಾಂಗ ಗಯಾಬಾಯಿ?” ಎಂದ. “ನಿಮ್ಮ ಮೊಮ್ಮಗ ಸಂತ್ಯಾಗ ಕಾಗದ ಓದಸ್ಕೊಳ್ಳಾಕ ಆ ತುರುಕರ ಕೈಕಾಲ ಹಿಡೀತಾನಲ್ರಿ ಯಪ್ಪಾ, ಅದು ಹ್ಯಾಂಗ?” ಎಂದರು ಇವರು. ಮೂರನೆಯ ದಿನ ಕೀಲಿ ಕೊಟ್ಟ.

ಖಮರುದ್ದೀನ್ ದರ್ಖಾಸ್ತು ಹಾಕಿದರು. ಈ ಊರಿಗೆ ಬರುತ್ತೇನೆ ಎಂದು ತಾನಾಗಿ ಕೇಳಿದ ಮೊದಲ ಮನುಷ್ಯ ಅವರೇ, ಆದ್ದರಿಂದ ಹುಕುಂ ಬೇಗ ಬಂತು. ಬಂದಾಗ ಹಾಜರಿಯಲ್ಲಿ ಹದಿನೇಳು ಮಕ್ಕಳು. ಐದು ವರ್ಷದಲ್ಲಿ ಅರವತ್ಮೂರು. ಸರ್ಕಾರಿ ಪುಸ್ತಕ ಉರ್ದುವಿನಲ್ಲಿ ಓದುತ್ತಿದ್ದರು, ಅರ್ಥ ಕನ್ನಡದಲ್ಲಿ ಹೇಳುತ್ತಿದ್ದರು. ಸಂಜೆ ಕನ್ನಡ ಅಕ್ಷರ ಬೇರೆ. ಹೊರಗೇರಿಯ ಮಕ್ಕಳನ್ನು ಒಳಗೆ ಕರೆದು ಎಲ್ಲರ ಸಾಲಿನಲ್ಲೇ ಕೂರಿಸಿದರು. ಆ ಕೇರಿಯ ಮುಕ್ತಾಬಾಯಿ ಎಂಬ ಹುಡುಗಿ ಹತ್ತನೆಯ ವಯಸ್ಸಿಗೆ ಅಕ್ಷರ ಹಿಡಿದಳು, ಹದಿನೈದಕ್ಕೆ ಹುಮನಾಬಾದಿಗೆ ಹೋಗಿ ಏಳನೆಯ ಪರೀಕ್ಷೆ ಪಾಸು ಮಾಡಿ ಬಂದಳು.

ಸಿಟ್ಟು ಬರಬೇಕಾದದ್ದು ಇಲ್ಲಿ. ಮಕ್ಕಳೆಲ್ಲ ಸಾಲೆಗೆ ಹೋದರೆ ಊರ ದೊಡ್ಡ ಮನೆಯ ದನ ಕಾಯುವವರು ಯಾರು? ದೊಡ್ಡ ಮನೆಯಿಂದ ಕಚೇರಿಗೆ ಒಂದು ಅರ್ಜಿ ಹೋಯಿತು: ಈ ಮಾಸ್ತರ ಕಾನೂನು ಬಿಟ್ಟು ಕಲಿಸುತ್ತಾನೆ. ಬಂದು ನೋಡಿದವರಿಲ್ಲ. ಒಂದು ಮಗುವನ್ನು ನಿಲ್ಲಿಸಿ ಓದಿಸಿದವರಿಲ್ಲ. 1944ರ ನವೆಂಬರಿನಲ್ಲಿ, ಪರೀಕ್ಷೆಗೆ ಐದು ತಿಂಗಳಿರುವಾಗ, ಖಮರುದ್ದೀನರಿಗೆ ತಬಾದಲಾ ಆಯಿತು, ಬೇರೆ ಊರಿಗೆ ವರ್ಗ. ಮೈಗಳ್ಳ ಮಾಸ್ತರರು ಹತ್ತು ಹತ್ತು ವರ್ಷ ಒಂದೇ ಕಸಬೆ ಪೇಟೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿರುತ್ತಾರೆ. ಕೆಲಸ ಮಾಡಿದ ಮನುಷ್ಯನಿಗೆ ಜಿಲ್ಲೆಯ ಕೊನೆಯ ಹಳ್ಳಿ ಬಹುಮಾನ.

ಗಯಾಬಾಯಿ ಇಪ್ಪತ್ತೆರಡು ತಾಯಂದಿರನ್ನು ಕಟ್ಟಿಕೊಂಡು ಹುಮನಾಬಾದಿಗೆ ನಡೆದರು. ದೌರೆಯ ಮೇಲೆ, ಸಾಲೆಗಳ ತಪಾಸಣೆಗೆ ಬಂದಿದ್ದ ಸಾಹೇಬರು ಬಂಗಲೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು.

“ನೀ ಯಾರು?”

“ಸಾಲಿ ಕಸ ಹೊಡ್ಯಾಕಿರಿ.”

“ಹಂಗಾದ್ರೆ ಕಸ ಹೊಡಿ. ಮಾಸ್ತರ ಯಾವ ಊರಿಗೆ ಹೋಗಬೇಕಂತ ನಾವು ನೋಡ್ಕೋತೀವಿ.”

“ಒಂಬತ್ತ ವರ್ಷ ಆತ್ರಿ ಸಾಹೇಬ, ನೀವು ನೋಡ್ಕೋಳಾಕತ್ತು. ನಮ್ಮೂರಿಗಿ ಬಂದ ಮಾಸ್ತರರಾಗ ಒಬ್ಬರ ಹೆಸರ ಹೇಳ್ರಿ, ನಾವು ಎದ್ದು ಹೋಗ್ತೀವಿ.”

ಸಾಹೇಬರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಕಡತ ಹುಡುಕತೊಡಗಿದ. ಗಯಾಬಾಯಿ ಕಾಯಲಿಲ್ಲ. ಎಂಟೂ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದರು. ದಿಗಂಬರರ ಹೆಸರು ಹೇಳುವಾಗ ದನಿ ಒಡೆಯಿತು ಎಂದು ಜೊತೆಗಿದ್ದ ಶೇವಂತಾಬಾಯಿ ನೆನೆಯುತ್ತಾರೆ. ಹುಕುಂ ಮಾತ್ರ ಬದಲಾಗಲಿಲ್ಲ. ಖಮರುದ್ದೀನ್ ಹೋದರು. ಜೈನಬಿ ಗಾಡಿ ಹತ್ತುವಾಗ ಕೇರಿಯ ಹೆಂಗಸರೆಲ್ಲ ಅತ್ತರು.

ಒಂಬತ್ತನೆಯ ಮಾಸ್ತರ ನಲವತ್ತು ದಿನ ಇದ್ದರು. ಹತ್ತನೆಯವರು ಸಹಿ ಹಾಕಿ ಹೋದವರು ತಿರುಗಿ ಬರಲಿಲ್ಲ. ಆದರೆ ಬೀಗದ ಕೀಲಿ ಗಯಾಬಾಯಿಯ ಕೈಯಲ್ಲಿತ್ತು. ಅವರು ದಿನವೂ ಬಾಗಿಲು ತೆಗೆದರು. ಕೇರಿಗೆ ಹೋಗಿ, ಮಕ್ಕಳಿಗೆ ಕಲಿಸಲು ಬಾ ಎಂದು ಮುಕ್ತಾಬಾಯಿಯನ್ನು ಕರೆದರು. ಹುಡುಗಿ ಹೆದರಿದಳು. “ಬ್ಯಾಡ್ರಿ ಬಾಯಾರ, ಹೊಡೀತಾರ.”

“ಹೊಡದ್ರ ಮೊದಲ ನನಗ ಹೊಡೀಲಿ. ನಡಿ.”

ಮೊದಲ ದಿನ ಮಕ್ಕಳೆಲ್ಲ ನೋಡುತ್ತಿರುವಾಗಲೇ ಗಯಾಬಾಯಿ ಒಂದು ತಂಬಿಗೆ ನೀರು ತುಂಬಿ ಮುಕ್ತಾಬಾಯಿಯ ಕೈಗೆ ಕೊಟ್ಟರು. ಅವಳು ಕುಡಿದು ಉಳಿಸಿದ ನೀರನ್ನು ಅದೇ ತಂಬಿಗೆಯಿಂದ ತಾವು ಕುಡಿದರು. ಮರುದಿನ ಹನ್ನೆರಡು ಮನೆಗಳು ಮಕ್ಕಳನ್ನು ಬಿಡಿಸಿದವು. ಆ ಮನೆಗಳಿಗೆ ಇವರು ಇಂದಿಗೂ ದಿನವೂ ಹೋಗುತ್ತಾರೆ. ಏಳು ಮನೆಗಳು ಮರಳಿವೆ.

ಹೋದ ಜನವರಿಯಲ್ಲಿ ಅದೇ ಸಾಹೇಬರು ಊರಿಗೆ ಬಂದರು. ಕಲಿಸಲು ಬಂದವರಲ್ಲ, ಮಾಸ್ತರರಿಲ್ಲದ ಸಾಲೆಯನ್ನು ಮುಚ್ಚಲು ಬಂದವರು. ಒಳಗೆ ಹೆಜ್ಜೆ ಇಟ್ಟರೆ ಮೂವತ್ತೆಂಟು ಮಕ್ಕಳು ಎದ್ದು ನಿಂತವು. ಸಾಹೇಬರು ಪುಸ್ತಕ ಕೊಟ್ಟು ಓದಿಸಿದರು, ಲೆಕ್ಕ ಕೇಳಿದರು. ಒಂದು ತಾಸು ಆಯಿತು. ಆಮೇಲೆ ಮುಕ್ತಾಬಾಯಿಯ ಹೆಸರಿಗೆ ತಾತ್ಕಾಲಿಕ ಹುಕುಂ ಬರೆದರು. ಕಾಯಂ ಮಾಸ್ತರ ಬರುವತನಕ, ಎಂದು ಕೊನೆಗೊಂದು ಸಾಲು ಸೇರಿಸಿದರು. ಹತ್ತು ಗಂಡಸರನ್ನು ಉಳಿಸಿಕೊಳ್ಳಲಾಗದ ಕಚೇರಿಗೆ ಹನ್ನೊಂದನೆಯವಳು ನಿಂತರೆ ಹೆದರಿಕೆ.

ನಡುಮಧ್ಯಾಹ್ನ. ಮುಕ್ತಾಬಾಯಿ ಮಗ್ಗಿ ಹೇಳಿಸುತ್ತಿದ್ದಾರೆ. ಹದಿನೇಳು ವರ್ಷದ ಹುಡುಗಿ, ದನಿ ಗಟ್ಟಿ. ಹಾದಿಯಲ್ಲಿ ಹೋಗುತ್ತಿದ್ದ ದೊಡ್ಡ ಮನೆಯ ಆಳು ಕಿಟಕಿಯಲ್ಲಿ ಇಣುಕಿ “ಏ ಮುಕ್ತಿ, ನಿನ್ನ ಅಪ್ಪಗ ಹೊಲಕ್ಕ ಬರ್ಲಾಕ ಹೇಳ” ಎನ್ನುತ್ತಾನೆ. ಗಯಾಬಾಯಿ ಕಸಬರಿಗೆ ಹಿಡಿದೇ ಹೊರಗೆ ಬರುತ್ತಾರೆ.

“ಮಾಸ್ತರಬಾಯಾರು ಅನ್ನು. ಆಮ್ಯಾಲ ಮಾತಾಡು.”

ಆಳು ತಲೆ ಕೆರೆದುಕೊಳ್ಳುತ್ತಾನೆ. ಒಳಗೆ ಮಗ್ಗಿ ನಿಂತಿದೆ, ನಲವತ್ತೊಂದು ಮಕ್ಕಳು ಕಿವಿಗೊಟ್ಟಿವೆ. “ಮಾಸ್ತರಬಾಯಾರ್ರಿ,” ಎಂದು ಗೊಣಗಿ ಹೋಗುತ್ತಾನೆ. ಮಗ್ಗಿ ಮುಂದುವರಿಯುತ್ತದೆ.

ನಿಮಗೇನು ಬೇಕು ಎಂದು ಕೇಳಿದರೆ ಗಯಾಬಾಯಿ ಕಸಬರಿಗೆಯನ್ನು ಗೋಡೆಗೆ ಒರಗಿಸುತ್ತಾರೆ.

“ಒಂದನೇ ಇಯತ್ತ್ಯಾಗ ಕುಂತ ಕೂಸು ನಾಕನೇ ಇಯತ್ತೆ ಪಾಸಾಗೂತನಾ ಒಬ್ಬರ ಕೈಯಾಗ ಕಲೀಬೇಕ್ರಿ. ಅಷ್ಟ ನೋಡಬೇಕು.”

ದೊಡ್ಡ ಮನೆಯಿಂದ ಮತ್ತೊಂದು ಅರ್ಜಿ ಹೋಗಿದೆಯಂತೆ, ಮುಕ್ತಾಬಾಯಿಯನ್ನೂ ತೆಗೆದರೆ?

ಗಯಾಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ಮುಕ್ತಾಬಾಯಾರನ್ನ ಕಚೇರಿಯವ್ರು ಕೊಟ್ಟಿಲ್ರಿ. ಈ ಸಾಲ್ಯಾಗ ಬೆಳದಾರ. ತೆಗೀಲಿ. ಮೂರನೇ ಇಯತ್ತ್ಯಾಗ ಮತ್ತೊಬ್ಬಾಕಿ ಕುಂತಾಳ.”