ಪೇಟಿಯೊಳಗಿನ ಖಾರ

ಗಿರಿಜಾ, ಅವತ್ತು ಹಾವೇರಿಯಲ್ಲಿ ನಿನ್ನ ಪೇಟಿಯೊಳಗಿಂದ ಎದ್ದ ಖಾರ ನಮ್ಮ ಮನೆಯದಲ್ಲ. ನೀನು ಕುಟ್ಟಿದ್ದೂ ಅಲ್ಲ. ಅದು ಬ್ಯಾಡಗಿಯಲ್ಲಿ ನಾನು ಗುಮಾಸ್ತನಾಗಿದ್ದ ಮೆಣಸಿನಕಾಯಿ ದಲಾಲಿ ಅಂಗಡಿಯ ಗೋದಾಮಿನದು. ಪೇಟಿಯನ್ನು ಅಲ್ಲಿಟ್ಟವನು ನಾನು — ಇಟ್ಟದ್ದು ಅಲಕ್ಷ್ಯದಿಂದ, ಮುಚ್ಚಿಟ್ಟದ್ದು ತಿಳಿದೂ ತಿಳಿದು. ಇಪ್ಪತ್ತು ವರ್ಷವಾಗುತ್ತ ಬಂತು, ಇಷ್ಟು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಒಂದೇ ಮನೆಯಲ್ಲಿದ್ದೂ ನಿನಗೆ ಎದುರಿಗೆ ಹೇಳದೆ ಹೀಗೆ ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಯಾಕೆಂಬುದನ್ನು ಕೊನೆಗೆ ಹೇಳುತ್ತೇನೆ. ನಮ್ಮ ಗುರುತಿಲ್ಲದವರೂ ಇದನ್ನು ಓದುತ್ತಾರೆ, ಆದ್ದರಿಂದ ನಿನಗೆ ಗೊತ್ತಿದ್ದದ್ದನ್ನೂ ಒಂದಿಷ್ಟು ಹೇಳಬೇಕು.

ನೀನು ಅಗಡಿಯ ಹುಡುಗಿ. ಬಸ್ಸು ಹತ್ತಿ ಹಾವೇರಿಗೆ ಬಂದು ಗುರುಗಳ ಮನೆಯಲ್ಲಿ ಹಾರ್ಮೋನಿಯಂ ಕಲಿತವಳು. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ. ಭಜನೆಗೆ ಬೇಕು, ನಾಟಕಕ್ಕೆ ಬೇಕು, ಹಾಡುವವರ ಪಕ್ಕಕ್ಕೆ ಬೇಕು. ಆದರೆ ಅದನ್ನೊಂದನ್ನೇ ಮುಂದಿಟ್ಟುಕೊಂಡು ತಾಸುಗಟ್ಟಲೆ ರಾಗ ಬಾರಿಸುವ ಹೆಣ್ಣುಮಗಳು ಈ ಸುತ್ತಿನಲ್ಲಿ ನೀನೊಬ್ಬಳೇ ಇದ್ದೆ. ಮದುವೆಯಲ್ಲಿ ನಿಮ್ಮಪ್ಪ ಬೇರೆ ಏನು ಕೊಟ್ಟರೋ ನನಗೆ ನೆನಪಿಲ್ಲ, ಪೇಟಿಯನ್ನು ಮಾತ್ರ ಹಸಿರು ಬಟ್ಟೆಯಲ್ಲಿ ಸುತ್ತಿ ತಾವೇ ಹೊತ್ತು ತಂದು ನಮ್ಮ ಪಡಸಾಲೆಯಲ್ಲಿಟ್ಟರು. ಮದುವೆಯಾದ ಮೇಲೂ ನೀನು ಬಿಡಲಿಲ್ಲ. ಧಾರವಾಡ, ಗದಗ, ಶಿರಸಿ — ಕರೆದಲ್ಲಿಗೆ ಹೋದೆ. ರೇಡಿಯೋದಲ್ಲಿ ನಿನ್ನ ಹೆಸರು ಬಂದ ದಿನ ನಮ್ಮ ಸಾಹುಕಾರರು ಅಂಗಡಿಯಲ್ಲಿ ಎಲ್ಲರಿಗೂ ಚಹಾ ಹೇಳಿದರು.

ಆಗೆಲ್ಲ ನಿನ್ನ ಪೇಟಿ ಹೊರುತ್ತಿದ್ದವನು ನಾನು. ಬಸ್ಸಿನಿಂದ ಇಳಿಸಿ, ಹೆಗಲಿಗೇರಿಸಿ, ವೇದಿಕೆಯ ಮೇಲಿಟ್ಟು, ಹಿಂದಿನ ಸಾಲಿನಲ್ಲಿ ಹೋಗಿ ಕೂಡುತ್ತಿದ್ದೆ. ಜನ ನನ್ನನ್ನು ‘ಗಿರಿಜಾಬಾಯಿಯವರ ಯಜಮಾನರು’ ಅನ್ನುತ್ತಿದ್ದರು. ಯಜಮಾನಿಕೆಯೆಲ್ಲ ಆ ಹೆಗಲ ಮೇಲಿನ ಭಾರದಷ್ಟೇ. ನಗುತ್ತಿದ್ದೆ. ಒಳಗೊಳಗೆ ಚುಚ್ಚುತ್ತಿತ್ತು — ಅದನ್ನೂ ಈಗಲೇ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಅದೇ ಮೂಲ.

ಇಸವಿ ಎರಡು ಸಾವಿರ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಪುಣೆಯಲ್ಲಿ ನೆಲೆಸಿದ್ದ, ಮೂಲತಃ ಕನ್ನಡದವರೇ ಆದ ಒಬ್ಬ ದೊಡ್ಡ ಗಾಯಕರು ಹಾವೇರಿಗೆ ಬರುವವರಿದ್ದರು. ಅವರ ಹಾಡಿಗೆ ಪೇಟಿಯ ಸಾಥ್ ನಿನ್ನದು ಎಂದು ಗುರುಗಳು ಗೊತ್ತು ಮಾಡಿದ್ದರು. ಮಧ್ಯಂತರದ ಮೇಲೆ ಅರ್ಧ ತಾಸು ನಿನ್ನದೇ ಸೋಲೋ. ಸಾಥ್ ಮನಸ್ಸಿಗೆ ಬಂದರೆ ಗಾಯಕರು ನಿನ್ನನ್ನು ಮುಂದಿನ ಚಳಿಗಾಲವೆಲ್ಲ ತಮ್ಮ ಜೊತೆ ಪುಣೆ, ಸೊಲ್ಲಾಪುರ, ಮುಂಬೈಗೆ ಕರೆದೊಯ್ಯುವ ಮಾತಿತ್ತು. ನೀನು ಪೂರಿಯಾ ಧನಾಶ್ರೀ ರಾಗ ತಯಾರು ಮಾಡುತ್ತಿದ್ದೆ. ಅದನ್ನು ಕೇಳಿ ಕೇಳಿ ನಮ್ಮವ್ವನೂ ಒಲೆಯ ಮುಂದೆ ಗುನುಗುತ್ತಿದ್ದಳು.

ಅಷ್ಟರಲ್ಲಿ ಪೇಟಿಗೆ ಗಾಳಿ ಊದುವ ತಿದಿ ಸೀಳಿತು. ರಾಣೇಬೆನ್ನೂರಿನ ರಿಪೇರಿಯವನಿಗೆ ಕೊಟ್ಟು ಬಂದೆವು. ಸಿದ್ಧವಾಗಿದೆ ಎಂದು ಅಂಗಡಿಗೆ ಫೋನು ಬಂದಾಗ, ನಮ್ಮ ಅಂಗಡಿಯ ಟೆಂಪೋ ಆ ಕಡೆ ಹೊರಟಿತ್ತು, ನಾನೂ ಹತ್ತಿದೆ. ರಿಪೇರಿಯವನು ಕೈಗೆ ಕೊಡುವಾಗ ಒತ್ತಿ ಹೇಳಿದ, ‘ಅಂಟು ಇನ್ನೂ ಹಸಿ ಐತ್ರಿ. ಎರಡು ದಿನ ತಿದಿ ಬಿಚ್ಚೇ ಇಡ್ರಿ. ಮುಚ್ಚಿದ್ರ ಮಡಿಕಿ ಮಡಿಕಿ ಹತ್ತಿಕೊಂಡು ಬಿಡ್ತೈತಿ.’

ಅಂಗಡಿಗೆ ವಾಪಸು ಬಂದಾಗ ಕಾಲಿಡಲು ಜಾಗವಿರಲಿಲ್ಲ. ಸುಗ್ಗಿಯ ದಿನ, ಬೀದಿಯ ತುಂಬ ಚೀಲ. ಮನೆಗೆ ಹೋಗಿ ಬರುವಷ್ಟು ಪುರುಸೊತ್ತು ಸಿಗಲಿಲ್ಲ — ಅಲ್ಲ, ಸಿಗುತ್ತಿತ್ತು, ಮನಸ್ಸು ಮಾಡಲಿಲ್ಲ. ಗೋದಾಮಿನ ಮೂಲೆಯಲ್ಲಿ ಒಂದು ಹಲಗೆಯ ಮೇಲೆ ಪೇಟಿಯನ್ನಿಟ್ಟು, ಅವನು ಹೇಳಿದಂತೆ ತಿದಿ ಬಿಚ್ಚಿಟ್ಟೆ. ಪಕ್ಕದಲ್ಲೇ ಹೆಣ್ಣಾಳುಗಳು ಕುಳಿತು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಚೀಲ ಸುರುವಿದಾಗಲೆಲ್ಲ ಕೆಂಪು ಧೂಳು ಏಳುತ್ತಿತ್ತು. ಸಂಜೆ ಒಯ್ದರಾಯಿತು ಅಂದುಕೊಂಡೆ. ಮೂರು ದಿನ ಅಲ್ಲೇ ಉಳಿಯಿತು.

ನಿನಗೆ ಗೊತ್ತಲ್ಲ, ನಮ್ಮ ಮೂಗಿಗೆ ಘಾಟು ಹತ್ತುವುದಿಲ್ಲ. ಪರ ಊರಿನವರು ನಮ್ಮ ಮಾರ್ಕೆಟ್ಟಿಗೆ ಕಾಲಿಟ್ಟರೆ ಕಣ್ಣು ಮೂಗು ಸುರಿಸುತ್ತಾರೆ. ನಾವು ಅಲ್ಲೇ ನಿಂತು ಚಹಾ ಕುಡಿಯುತ್ತೇವೆ. ಪೇಟಿಯನ್ನು ಮನೆಗೆ ತಂದಾಗ ನಾನೂ ಸೀನಲಿಲ್ಲ, ನೀನೂ ಸೀನಲಿಲ್ಲ. ಮೇಲಿನ ಧೂಳನ್ನು ಮಾತ್ರ ಅಂಗಡಿಯಲ್ಲೇ ಒರೆಸಿ ತಂದಿದ್ದೆ.

ನೀನು ಕೇಳಿದ್ದು ಒಂದೇ ಮಾತು. ‘ಅಂಟು ಒಣಗೇತೇನ್ರಿ?’

‘ಅಂವನ ಅಂಗಡ್ಯಾಗ ಒಣಗಿಸ್ಯಾನ. ಈಗ ತಂದೆ ನೋಡು’ ಅಂದೆ.

ಎಷ್ಟು ಸಣ್ಣ ಸುಳ್ಳು! ಗೋದಾಮಿನಲ್ಲಿಟ್ಟಿದ್ದೆ ಅಂದರೆ ನೀನು ಸಿಟ್ಟಾಗುತ್ತೀ ಎಂದಷ್ಟೇ ಹೇಳಿದ್ದು. ಅದೇ ದಿನ ಅವ್ವ ವರ್ಷದ ಮಸಾಲೆ ಖಾರಕ್ಕೆ ಕೂತಿದ್ದಳು. ನೀನು ಪಡಸಾಲೆಯಲ್ಲಿ ತಾಲೀಮು ಮಾಡುವುದನ್ನು ಬಿಟ್ಟು, ಪೇಟಿ ತೆರೆದಿಟ್ಟೇ ಎದ್ದು, ಅಲ್ಲೇ ಪಕ್ಕದಲ್ಲಿ ಕುಟ್ಟಿದೆ.

ಮರುದಿನದ ಕಾರ್ಯಕ್ರಮವನ್ನು ನಾನು ಎಷ್ಟು ಸಲ ಕಣ್ಣ ಮುಂದೆ ತಂದುಕೊಂಡಿದ್ದೇನೋ. ಸಾಥಿಗೆ ಕೂತಾಗ ಪೇಟಿಯ ತಿದಿ ಗಾಯಕರ ಕಡೆಗೇ ಇರುತ್ತದೆ. ಅವರು ಕಣ್ಣು ಮುಚ್ಚಿ ಷಡ್ಜ ಹಿಡಿದರು. ನೀನು ಮೆಲ್ಲಗೆ ತಿದಿ ಒತ್ತಿದೆ. ಎರಡನೆಯ ಸಲ ಉಸಿರೆಳೆದುಕೊಂಡಾಗ ಅವರಿಗೆ ಕೆಮ್ಮು ಬಂತು. ನೀರು ಕುಡಿದರು, ಮತ್ತೆ ಹಿಡಿದರು. ಮತ್ತೆ ಕೆಮ್ಮು. ತಬಲಾದ ಖಾದರಸಾಬರೂ ಮೂಗಿಗೆ ಕರವಸ್ತ್ರ ಹಿಡಿದರು. ನೀನು ಏನೂ ತಿಳಿಯದೆ ಇನ್ನೂ ಜೋರಾಗಿ ತಿದಿ ಹಾಕಿದೆ — ಅವರ ದನಿ ಬಿದ್ದದ್ದನ್ನು ಎತ್ತಿ ಹಿಡಿಯಬೇಕೆಂದು. ಹಿಂದಿನ ಸಾಲಿನಲ್ಲಿ ಕೂತ ನನಗೆ ಮಾತ್ರ ತಿಳಿಯಿತು. ಎದ್ದು ಬಂದು ‘ನಿಲ್ಲಿಸು’ ಅನ್ನಬಹುದಿತ್ತು. ಕೂತಲ್ಲೇ ಕೂತೆ.

ಅವರ ಗಂಟಲು ಕೂತೇಹೋಯಿತು. ಏಳುವ ಮುನ್ನ ನಿನ್ನ ಪೇಟಿಯ ಮೇಲೆ ಬೆರಳೆಳೆದು, ಮೂಸಿ, ಮೈಕಿನ ಮುಂದೆಯೇ ಅಂದರು: ‘ಅಡಗಿಮನ್ಯಾಗಿನ ಪೇಟಿ ತಂದು ಸಭಾದಾಗ ಇಟ್ರ ಹಿಂಗ ಆಗ್ತದ.’ ಜನ ನಕ್ಕರು. ಗುರುಗಳು ತಲೆ ಎತ್ತಲಿಲ್ಲ. ನಿನ್ನ ಅರ್ಧ ತಾಸು ಬರಲೇ ಇಲ್ಲ.

ವಾಪಸು ಬರುವಾಗ ಟೆಂಪೋ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆಗೆ ತಿರುಗಿತು. ಆಗ ನೀನು, ‘ನಿನ್ನೆ ನಾ ಖಾರ ಕುಟ್ಟಬಾರದಿತ್ರಿ. ಪೇಟಿ ಅಲ್ಲೇ ಇತ್ತು, ಒಂದು ಬಟ್ಟೀನೂ ಮುಚ್ಚಲಿಲ್ಲ’ ಅಂದೆ. ನಾನು ಕಿಟಕಿಯ ಆಚೆ ನೋಡಿದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಇಲ್ಲಿಯವರೆಗಿನದನ್ನು ಹೆದರಿಕೆ ಅನ್ನಬಹುದೇನೋ. ಮುಂದಿನದಕ್ಕೆ ಆ ಹೆಸರೂ ಸಲ್ಲದು.

ಕೆಲವು ವಾರದ ಮೇಲೆ ಖಾದರಸಾಬರು ಹಾವೇರಿಯಿಂದ ನಮ್ಮ ಮನೆಗೆ ಬಂದರು. ಆ ವಯಸ್ಸಿನಲ್ಲಿ, ಆ ಬಿಸಿಲಿನಲ್ಲಿ. ‘ತಂಗೀ, ಆಗಿದ್ದು ಆಗಿ ಹೋತು. ರಾಣೇಬೆನ್ನೂರಾಗ ಒಂದು ಕಾರ್ಯಕ್ರಮ ಐತಿ. ಹಾಡೋರು ಯಾರೂ ಇಲ್ಲ, ಬರೇ ನಿನ್ನ ಪೇಟಿ. ತಬಲಾಕ್ಕ ನಾ ಕುಂದರ್ತೇನಿ’ ಅಂದರು.

ನೀನು ನೆಲ ನೋಡುತ್ತ ಹೇಳಿದೆ: ‘ಬ್ಯಾಡ ಅಣ್ಣಾ. ನನ್ನ ಕೈಯಾಗಿನ ಖಾರ ನನ್ನ ಪೇಟಿ ಒಳಗ ಹೊಕ್ಕೈತಿ ಅಂದ್ರ ನನಗ ಅದರ ಮ್ಯಾಲೆ ಲಕ್ಷ್ಯ ಇಲ್ಲಂತನ ಅರ್ಥ. ಲಕ್ಷ್ಯ ಇಲ್ಲದಾಕಿ ಬಾರಸಬಾರದು.’

ಹಾಗಂದು ನನ್ನ ಮುಖ ನೋಡಿದೆ ನೀನು. ಆ ನೋಟ ನನಗೆ ಇನ್ನೂ — ಯಾರಾದರೂ ಅಲ್ಲ ಅನ್ನಲಿ ಎಂದು ಕಾಯುವವರು ಹಾಗೆ ನೋಡುತ್ತಾರೆ. ಒಂದು ಮಾತು ಸಾಕಿತ್ತು. ‘ಆ ಖಾರ ನಿನ್ನದಲ್ಲ.’ ಅಷ್ಟೇ. ನಾನು ಚಹಾದ ಬಟ್ಟಲು ಕೆಳಗಿಟ್ಟು ಖಾದರಸಾಬರಿಗೆ ಹೇಳಿದೆ: ‘ಆಕೀಗೆ ಮನಸ್ಸಿಲ್ಲಂದ್ರ ಒತ್ತಾಯ ಮಾಡಬ್ಯಾಡ್ರಿ.’

ಯಾಕೆ ಹಾಗಂದೆ? ಸಾಹುಕಾರರ ಅಂಜಿಕೆಯೇ? ಅಲ್ಲ. ಅವ್ವನ ಅಂಜಿಕೆಯೇ? ಅದೂ ಅಲ್ಲ. ಆ ಕೆಲವು ವಾರ ಸಂಜೆ ನಾನು ಮನೆಗೆ ಬಂದಾಗ ನೀನು ಬಾಗಿಲಲ್ಲಿರುತ್ತಿದ್ದೆ. ರೊಟ್ಟಿ ಬಿಸಿಯಿರುತ್ತಿತ್ತು. ಯಾರೂ ನನ್ನನ್ನು ನಿನ್ನ ಹೆಸರಿನಿಂದ ಕರೆಯುತ್ತಿರಲಿಲ್ಲ. ಅದು ನನಗೆ ಹಿಡಿಸಿತ್ತು. ಅಷ್ಟಕ್ಕೆ ನಿನ್ನ ಪುಣೆ, ನಿನ್ನ ಸೊಲ್ಲಾಪುರ, ನಿನ್ನ ಪೂರಿಯಾ ಧನಾಶ್ರೀ ಎಲ್ಲ ಹೋದವು.

ಪೇಟಿ ಅದೇ ಹಸಿರು ಬಟ್ಟೆಯಲ್ಲಿ ಅಟ್ಟಕ್ಕೇರಿತು. ನೀನು ಯಾರ ಮುಂದೆಯೂ ಅತ್ತದ್ದಿಲ್ಲ. ಆದರೆ ಬಸ್ಸಿನಲ್ಲಿ ಹೋಗುವಾಗ ನಿನ್ನ ಬೆರಳು ಮುಂದಿನ ಸೀಟಿನ ಸರಳಿನ ಮೇಲೆ ತಾವಾಗಿಯೇ ಆಡುತ್ತಿದ್ದವು. ಯಾವ ರಾಗವೆಂದು ನಾನು ಕೇಳಲಿಲ್ಲ. ನಾನು ತಡವಾಗಿ ಬಂದರೆ, ಹೇಳಿದ್ದನ್ನು ಮರೆತರೆ, ಹಬ್ಬಕ್ಕೆ ಸೀರೆ ತರದಿದ್ದರೆ, ಎಲ್ಲಕ್ಕೂ ನಿನ್ನದು ಒಂದೇ ಮಾತು — ‘ಹೋಗ್ಲಿ ಬಿಡ್ರಿ.’ ಆ ಮಾತಿನ ನೆರಳಲ್ಲಿ ನಾನು ಹಾಯಾಗಿ ಬದುಕಿದೆ.

ಮೊನ್ನೆ, ಮನೆಗೆ ಸುಣ್ಣ ಹೊಡೆಸಬೇಕೆಂದು ಅಟ್ಟದ ಸಾಮಾನು ಇಳಿಸಿದೆವು. ಪೇಟಿಯೂ ಇಳಿಯಿತು. ನೀನು ಬಟ್ಟೆ ಬಿಚ್ಚಿ, ತಿದಿಯ ಕೊಂಡಿ ತೆಗೆದೆ. ಮಡಿಕೆಯೊಳಗಿಂದ ಮೆಣಸಿನಕಾಯಿಯ ಎರಡು ಮೂರು ಒಣ ತೊಟ್ಟು ನಿನ್ನ ಮಡಿಲಿಗೆ ಉದುರಿದವು.

ನೀನು ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ‘ನಾವು ತೊಟ್ಟು ಮುರದ ಕಾಯಿ ತಂದು ಕುಟ್ಟತಿದ್ವಲ್ಲ…’ ಅಂದೆ. ಬಹಳ ಹೊತ್ತು ಆ ತೊಟ್ಟನ್ನು ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಸೆರಗು ಝಾಡಿಸಿ ಎದ್ದೆ.

‘ಹೋಗ್ಲಿ ಬಿಡ್ರಿ’ ಅಂದೆ. ಒಳಗೆ ಹೋಗಿ ಒಲೆಯ ಮೇಲೆ ಚಹಾಕ್ಕಿಟ್ಟೆ.

ಗಿರಿಜಾ, ಇದಕ್ಕೇ ಬರೆಯುತ್ತಿದ್ದೇನೆ. ಅಡುಗೆಮನೆಯಲ್ಲಿ ಹೇಳಿದ್ದರೆ ಒಂದು ಬಟ್ಟಲು ಚಹಾದ ಹೊತ್ತಿಗೆ ನೀನು ನನ್ನನ್ನು ಕ್ಷಮಿಸಿಬಿಡುತ್ತಿದ್ದೆ. ಆದರೆ ನಿನ್ನನ್ನು ನೋಡಿ ನಕ್ಕವರು ಸಭೆಯಲ್ಲಿ ನಕ್ಕರು. ಗುರುಗಳು ಆ ಅಡುಗೆಮನೆಯ ಮಾತನ್ನೇ ನಂಬಿ ತೀರಿಕೊಂಡರು, ಖಾದರಸಾಬರೂ ಹೋದರು. ಅವರಿಗೆ ಹೇಳುವ ಕಾಲ ಮೀರಿತು. ಉಳಿದವರಿಗಾದರೂ ತಿಳಿಯಲಿ: ಗಿರಿಜಾಬಾಯಿಗೆ ತನ್ನ ಪೇಟಿಯ ಮೇಲೆ ಲಕ್ಷ್ಯವಿತ್ತು. ಲಕ್ಷ್ಯವಿಲ್ಲದವನು ಅದನ್ನು ಹೊರುತ್ತಿದ್ದ.

ನಾಳೆ ಮುಂಜಾನೆ ಇದನ್ನು ಮೊದಲು ನಿನ್ನ ಕೈಗೆ ಕೊಡುತ್ತೇನೆ. ಪೂರ್ತಿ ಓದು. ಬೈಯಬೇಕೆನಿಸಿದರೆ ಬೈ. ಅಗಡಿಗೆ ಹೋಗಿ ಇರಬೇಕೆನಿಸಿದರೆ ಹೋಗು, ಪೇಟಿಯನ್ನು ಬಸ್‌ಸ್ಟ್ಯಾಂಡಿನವರೆಗೆ ನಾನೇ ಹೊತ್ತು ತರುತ್ತೇನೆ. ಏನು ಬೇಕಾದರೂ ಅನ್ನು, ಅಥವಾ ಏನೂ ಅನ್ನದಿರು. ‘ಹೋಗ್ಲಿ ಬಿಡ್ರಿ’ ಅಂತ ಮಾತ್ರ ಈ ಸಲ ಅನ್ನಬೇಡ.