ಎರಡನೇ ಸಾಲಿನಲ್ಲಿ ನಿಂತ ಮೇಷ್ಟ್ರು

ಮೊನ್ನೆ, ಉತ್ತರದ ಈ ಘಾಟುಗಳ ಊರಿನಲ್ಲಿ, ವಿಶ್ವವಿದ್ಯಾಲಯದ ಎದುರಿನ ಲಂಕಾ ಬೀದಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಮಗಳ ಅಂಕಪಟ್ಟಿಯ ಪ್ರತಿ ತೆಗೆಸಲು ನಿಂತಿದ್ದೆ. ಯಂತ್ರದಿಂದ ಹೊರಬಂದ ಹಾಳೆಯನ್ನು ಅಂಗಡಿಯವನು ಹಾಗೇ ಕೈಗಿತ್ತ. ಬಿಸಿ ಇನ್ನೂ ಆರಿರಲಿಲ್ಲ. ಸುಟ್ಟ ಕಾಗದದಂಥ, ಸ್ವಲ್ಪ ಸಿಹಿಯೂ ಅನ್ನಿಸುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊರಗಿನ ಇ-ರಿಕ್ಷಾಗಳ ಗಲಾಟೆ ಎಲ್ಲೋ ದೂರ ಸರಿದ ಹಾಗಾಯಿತು... ಇಪ್ಪತ್ತು ವರ್ಷದ ಹಿಂದೆ ವಾರಕ್ಕೊಮ್ಮೆಯಾದರೂ ಇಂಥದೇ ಬಿಸಿ ಹಾಳೆಗಳ ಕಟ್ಟನ್ನು ಎದೆಗವಚಿಕೊಂಡು ನಾನು ಇದೇ ಬೀದಿಯಲ್ಲಿ ನಡೆಯುತ್ತಿದ್ದೆ. ಆ ಹಾಳೆಗಳಲ್ಲಿ ಇರುತ್ತಿದ್ದದ್ದು ಮೇಷ್ಟ್ರು ಕಟ್ಟಿದ ಹಾಡುಗಳು.

ಮೇಷ್ಟ್ರು ಧಾರವಾಡದ ಕಡೆಯವರು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಗಾಯನ ಕಲಿಸುತ್ತಿದ್ದರು. ಬೆಳಗಿನ ಪಾಠ ಎಲ್ಲರ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ರಾಗ. ಸಂಜೆ ಐದಕ್ಕೆ ಮಾತ್ರ ಅವರದೇ ಬೇರೆ ಲೋಕ. ಎಂಜಿನಿಯರಿಂಗ್, ಸಂಸ್ಕೃತ, ಕೃಷಿ, ನರ್ಸಿಂಗ್... ಯಾವ ಯಾವುದೋ ವಿಭಾಗದ ಮೂವತ್ತು ನಲವತ್ತು ಮಂದಿಯನ್ನು ಒಂದು ಹಳೆಯ ಸಭಾಂಗಣದಲ್ಲಿ ಸೇರಿಸಿ ಒಟ್ಟಿಗೆ ಹಾಡಿಸುತ್ತಿದ್ದರು. ಚಿಕ್ಕಂದಿನಲ್ಲಿ ಅವರು ಓದಿದ್ದು ಮಿಷನ್ ಶಾಲೆಯಲ್ಲಂತೆ. ಅಲ್ಲಿನ ಪ್ರಾರ್ಥನೆಯಲ್ಲಿ ಒಂದೇ ಪದವನ್ನು ನಾಲ್ಕು ದನಿಗಳು ನಾಲ್ಕು ಎತ್ತರದಲ್ಲಿ ಹಾಡುವುದನ್ನು ಕೇಳಿ ಮೈ ಜುಮ್ಮೆಂದಿತ್ತಂತೆ. ಆಮೇಲೆ ಗುರುಗಳ ಮನೆಯಲ್ಲಿ ಹತ್ತು ವರ್ಷ ರಾಗ ಕಲಿತರೂ ಆ ನಾಲ್ಕು ದನಿಗಳು ಕಿವಿ ಬಿಟ್ಟು ಹೋಗಲಿಲ್ಲ. ಎರಡನ್ನೂ ಬೆಸೆಯಲು ಇಡೀ ಆಯುಷ್ಯ ಕೊಟ್ಟರು. ವಿಭಾಗದ ಹಿರಿಯರಿಗೆ ಅದು ಹಿಡಿಸಲಿಲ್ಲ. ರಾಗ ಒಬ್ಬರೇ ಹಾಡುವಂಥದ್ದು, ಗುಂಪಿನಲ್ಲಿ ಹಾಡುವುದು ಭಜನೆ ಅಂದರು. ಬಡ್ತಿ ಪ್ರತಿ ಸಲವೂ ಬೇರೆಯವರ ಪಾಲಾಯಿತು. ಮೇಷ್ಟ್ರು ಅದರ ಬಗ್ಗೆ ಆಡಿದ ಒಂದು ಮಾತೂ ನನಗೆ ನೆನಪಿಲ್ಲ.

ನಾನು ದಾವಣಗೆರೆಯಿಂದ ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡಲು ಬಂದವಳು. ಹರಿಶ್ಚಂದ್ರ ಘಾಟ್ ಹತ್ತಿರ, ದಕ್ಷಿಣದ ಯಾತ್ರಿಕರಿಗೆ ಪೌರೋಹಿತ್ಯ ಮಾಡಿಸುವ ಕನ್ನಡದವರೊಬ್ಬರ ಮನೆಯಲ್ಲಿ ಯುಗಾದಿಗೆ ನಮ್ಮವರೆಲ್ಲ ಸೇರುತ್ತಿದ್ದೆವು. ಅಲ್ಲಿ ಮೇಷ್ಟ್ರು ನನ್ನ ಪಕ್ಕದ ಎಲೆಗೆ ಕೂತಿದ್ದರು. ಹಿಂದಿ ಬರವಣಿಗೆ ದುಂಡಗಿದೆಯಾ ಎಂದು ಕೇಳಿದರು. ಅವರು ಸ್ವರಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದರು. ಬಲಿಯಾ, ಪಟ್ನಾ, ಬಂಗಾಳದ ಹುಡುಗರಿಗೆ ಅದನ್ನು ಓದಲಾಗದು. ದೇವನಾಗರಿಗೆ ಇಳಿಸಿಕೊಡುತ್ತಿದ್ದ ವಿದ್ಯಾರ್ಥಿನಿ ಓದು ಮುಗಿಸಿ ಊರಿಗೆ ಹೋಗಿದ್ದಳು. ಹಾಗೆ ನಾನು ನಕಲು ಮಾಡುವವಳಾದೆ. ಎರಡು ತಿಂಗಳಲ್ಲಿ ತಗ್ಗು ದನಿಯವರ ಸಾಲಿನಲ್ಲಿ, ಎರಡನೇ ಸಾಲಿನ ಕೊನೆಯಲ್ಲಿ, ನನಗೂ ಒಂದು ಜಾಗವಾಯಿತು.

ಚಳಿಗಾಲದ ಆ ಸಂಜೆಗಳು ಈಗ ನಿಜವೋ ಕನಸೋ ಹೇಳಲಾರೆ. ಕಿಟಕಿಯಾಚೆ ಮಂಜು, ಒಳಗೆ ಒಂದೇ ದೀಪ, ನಲವತ್ತು ಬಾಯಿಗಳಿಂದ ಬಿಳಿ ಉಸಿರು. ಮೇಷ್ಟ್ರ ಬಲಗೈ ಮೇಲೆದ್ದರೆ ನಾವೆಲ್ಲ ನೆಲ ಬಿಟ್ಟ ಹಾಗೆ... ಆಗ ಅವರು ‘ಆಚೆ ದಡ’ ಎಂಬ ದೊಡ್ಡ ರಚನೆಯೊಂದನ್ನು ಬರೆಯುತ್ತಿದ್ದರು. ಬೆಳಗಿನ ಹೊತ್ತು ಘಾಟಿನ ಮೆಟ್ಟಿಲ ಮೇಲೆ ಕೂತು ನೀರಿನ ಮೇಲೆ ಬರುವ ಸದ್ದುಗಳನ್ನು ಕೇಳುವರು. ಗಂಟೆ, ದೋಣಿಯ ಹುಟ್ಟಿನ ಸಪ್ಪಳ, ಮಂತ್ರ, ಹೆಣ ಹೊತ್ತವರ ಕೂಗು. ಒಂದು ಸದ್ದು ಇನ್ನೊಂದಕ್ಕಾಗಿ ಕಾಯುವುದಿಲ್ಲ, ಆದರೂ ಜಗಳವಿಲ್ಲ ಎನ್ನುವರು. ಮಾತುಗಳು ಕನ್ನಡದಲ್ಲೇ ಇದ್ದವು, ನಾಲ್ಕೇ ಸಾಲು. ಬಿಹಾರದ ಹುಡುಗರು ‘ದಡ’ ಅನ್ನಲು ನಾಲಿಗೆ ತಿರುಗದೆ ನಗುತ್ತಿದ್ದರು. ನಾಲ್ಕು ವರ್ಷ ಹಿಡಿಯಿತು ಅದು ಮುಗಿಯಲು. ಪ್ರತಿ ಹಾಳೆಯೂ ನನ್ನ ಕೈ ದಾಟಿಯೇ ಹೋಯಿತು.

ಮೇಷ್ಟ್ರ ಸೇವೆಯ ಕೊನೆಯ ವರ್ಷದ ದಸರಾ ಕಳೆದ ಮೇಲೆ ಒಂದು ಸಂಜೆ, ‘ಆಚೆ ದಡ’ದ ಮೊದಲ ಭಾಗ ಹಾಡುತ್ತಿದ್ದೆವು. ಮುಂದಿನ ಸಾಲಿನ ಹುಡುಗಿಯರು ನೀಳವಾಗಿ ಹಿಡಿಯಬೇಕಿದ್ದ ಸ್ವರವನ್ನು ಅಲುಗಿಸಿ, ನಡುಗಿಸಿ ಹಾಡತೊಡಗಿದರು. ಯಾಕೆಂದು ನೋಡಿದರೆ ಮೇಷ್ಟ್ರ ಬಲಗೈ ಹಾಗೆ ನಡುಗುತ್ತಿತ್ತು. ಹೊಸ ಸನ್ನೆ ಇರಬೇಕೆಂದು ಅವರು ತಿಳಿದಿದ್ದರು. ಮೇಷ್ಟ್ರು ಕಣ್ಣು ಮುಚ್ಚಿ ಒಂದು ಗಳಿಗೆ ಕೇಳಿದರು. ಆಮೇಲೆ ಆ ಕೈಯನ್ನು ಮೆಲ್ಲಗೆ ಕೋಟಿನ ಜೇಬಿಗೆ ಇಳಿಸಿ ಎಡಗೈ ಎತ್ತಿದರು.

ವಾರ್ಷಿಕೋತ್ಸವಕ್ಕೆ ‘ಆಚೆ ದಡ’ ಮೊದಲ ಬಾರಿ ಹಾಡುವುದೆಂದು ನಿಶ್ಚಯವಾಗಿತ್ತು. ಡಿಸೆಂಬರಿನಲ್ಲಿ ಸಂಗೀತ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿದರು. ದೊಡ್ಡ ದೊಡ್ಡವರು ಬರುತ್ತಾರೆ, ಗುರುಜಿಯ ಕೈ ಎಲ್ಲರ ಕಣ್ಣಿಗೆ ಬೀಳುವುದು ಬೇಡ, ನಾಲ್ಕೂ ದನಿಗಳ ಪಾಠ ನಿನಗೆ ಬರುತ್ತದೆ, ನೀನೇ ನಡೆಸು ಎಂದರು. ಅವರನ್ನು ಒಂದು ಮಾತು ಕೇಳುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. ಅಲ್ಲೇ ಒಪ್ಪಿಕೊಂಡೆ. ಮೇಷ್ಟ್ರ ಮರ್ಯಾದೆ ಉಳಿಸಲು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆಸೆಯಾಗಿತ್ತು. ಆ ನಲವತ್ತು ಮಂದಿಯ ಎದುರು ನಿಂತು ಕೈ ಎತ್ತುವ ಆಸೆ. ಫಲಕದಲ್ಲಿ ನನ್ನ ಹೆಸರಿನ ನೋಟೀಸು ಬಿದ್ದರೂ, ಸಂಜೆಯ ಹಾಡಿಗೂ ಹೋಗದೆ, ಐದು ದಿನ ಮೇಷ್ಟ್ರ ಕಣ್ಣು ತಪ್ಪಿಸಿ ಓಡಾಡಿದೆ.

ಆರನೆಯ ದಿನ ಮಧ್ಯಾಹ್ನ ಅವರೇ ನಮ್ಮ ಪ್ರಯೋಗಾಲಯಕ್ಕೆ ಬಂದರು. ನಾನು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಾಗ ಎದುರಿನ ಸ್ಟೂಲಿನ ಮೇಲೆ ಕೂತಿದ್ದರು.

“ನೋಟೀಸು ನೋಡಿದೆ, ತಂಗಿ,” ಅಂದರು.

ನಾನು ಸೂಕ್ಷ್ಮದರ್ಶಕದ ದೀಪ ಆರಿಸಿದೆ. ಅವರು ಸ್ವಲ್ಪ ಹೊತ್ತು ಗಾಜಿನ ಸೀಸೆಗಳಲ್ಲಿದ್ದ ಎಲೆಗಳನ್ನು ನೋಡುತ್ತ ಕೂತರು.

“ಮೂರನೇ ಭಾಗದಾಗ ಎಡಗೈ ಹೆಂಗ ಹಿಡೀತಿ, ತೋರಸು.”

ತೋರಿಸಿದೆ. ತಪ್ಪು ಅಂದರು. ಅಂದಿನಿಂದ ದಿನಕ್ಕೊಂದು ಗಂಟೆ, ಅದೇ ಪ್ರಯೋಗಾಲಯದಲ್ಲಿ, ನನಗೆ ಕೈ ಕಲಿಸಿದರು. ನನ್ನ ಮಣಿಕಟ್ಟನ್ನು ಹಿಡಿದು ತಿದ್ದುವಾಗ ಅವರ ಬೆರಳಿನ ನಡುಕ ನನ್ನ ತೋಳಿನವರೆಗೂ ಹರಿಯುತ್ತಿತ್ತು. ಬೈಯುತ್ತಾರೇನೋ ಎಂದು ದಿನವೂ ಕಾದೆ. ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. ಅವರು ಹಾಡಿನ ವಿನಾ ಬೇರೇನೂ ಮಾತಾಡಲಿಲ್ಲ.

ಉತ್ಸವದ ಸಂಜೆ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಲು ಏರ್ಪಾಡಾಗಿತ್ತು. ಅವರು ಕೂರಲಿಲ್ಲ. ಹುಡುಗರ ಜೊತೆ ವೇದಿಕೆ ಹತ್ತಿ ಬಂದು, ಎರಡನೇ ಸಾಲಿನ ಕೊನೆಯಲ್ಲಿ, ನಾನು ಖಾಲಿ ಮಾಡಿದ ಜಾಗದಲ್ಲಿ ನಿಂತರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

ಎರಡು ಭಾಗ ಸಲೀಸಾಗಿ ಹೋಯಿತು. ಎರಡನೆಯದು ನಿಂತು ಮೂರನೆಯದು ಏಳಬೇಕಾದ ಕಡೆ ನನ್ನ ತಲೆ ಪೂರ್ತಿ ಬರಿದಾಯಿತು. ಯಾವ ಸಾಲು ಮೊದಲು, ಯಾವ ಕೈ... ಒಂದೂ ನೆನಪಿಗೆ ಬರಲಿಲ್ಲ. ಮೇಷ್ಟ್ರ ಕಡೆ ನೋಡಿದೆ. ಒಂದು ಸನ್ನೆ, ತಲೆಯ ಒಂದು ಅಲುಗು ಸಾಕಿತ್ತು. ಅವರು ಏನೂ ಮಾಡಲಿಲ್ಲ. ಪಕ್ಕದ ಹುಡುಗರು ನನ್ನ ಕೈಯನ್ನು ಹೇಗೆ ನೋಡುತ್ತಿದ್ದರೋ ಹಾಗೇ ನೋಡುತ್ತ, ಕಾಯುತ್ತ ನಿಂತಿದ್ದರು. ಆ ಹೊತ್ತು ಎಷ್ಟಿತ್ತೋ... ಕಡೆಗೆ ನಾನು ಉಸಿರೆಳೆದುಕೊಂಡೆ. ನಲವತ್ತು ಎದೆಗಳು ನನ್ನೊಂದಿಗೆ ಉಸಿರೆಳೆದದ್ದು ಕೇಳಿಸಿತು. ಎಡಗೈ ತಾನಾಗಿ ಎದ್ದಿತು. ಮೊದಲು ಏರಿದ ತಗ್ಗು ದನಿಯಲ್ಲಿ ಮೇಷ್ಟ್ರ ದನಿಯೂ ಇತ್ತು. ಅವರು ಬೇರೆಯವರೊಡನೆ ಬೆರೆತು ಹಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮಾರ್ಚಿನಲ್ಲಿ ಅವರು ನಿವೃತ್ತರಾಗಿ ಧಾರವಾಡದಲ್ಲಿದ್ದ ತಮ್ಮ ತಂಗಿಯ ಮನೆಗೆ ಹೊರಟರು. ಸ್ಟೇಷನ್ನಿಗೆ ಹೋಗಿದ್ದೆ. ಕ್ಷಮಿಸಿ ಅನ್ನಬೇಕು, ಇವತ್ತಾದರೂ ಅನ್ನಬೇಕು ಎಂದು ಪ್ಲಾಟ್‌ಫಾರ್ಮಿನ ತುಂಬ ಅದನ್ನೇ ಜಪಿಸುತ್ತ ನಡೆದೆ. ಬಾಯಿ ತೆರೆಯುವಷ್ಟರಲ್ಲಿ ಕಿಟಕಿಯ ಒಳಗಿನಿಂದ ಅವರೇ ಮಾತೆತ್ತಿದರು.

“ಮೂರನೇ ಭಾಗಕ್ಕ ಮುಂಚೆ ನೀ ನಿಂತ್ಯಲ್ಲಾ, ಆ ಮೌನ ಭಾಳ ಚಲೋ ಇತ್ತು. ನಾ ಬರೆದಿರಲಿಲ್ಲ ಅದನ್ನ. ಹಾಳ್ಯಾಗ ಸೇರಿಸಿಕೋ.”

ಮರೆತು ನಿಂತದ್ದು, ಸರ್ ಎಂದು ಹೇಳಲು ಹೊರಟೆ. ರೈಲು ಅಲುಗಿತು. ಅವರಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಹಾಗೆ ಅಂದರೇ? ಇಂದಿಗೂ ನನಗೆ ತಿಳಿಯದು.

ನಾನು ಓದು ಮುಗಿಸಿ ಇಲ್ಲೇ ಪಾಠ ಹೇಳುವವಳಾದೆ, ಇಲ್ಲೇ ಮದುವೆಯಾದೆ. ಮೇಷ್ಟ್ರು ಹೋದ ಎರಡೇ ವರ್ಷಕ್ಕೆ ವೃಂದ ಚದುರಿತು. ನಡೆಸು ಎಂದು ಕೆಲವರು ನನಗೆ ಹೇಳಿದ್ದರು, ಮನಸ್ಸು ಬರಲಿಲ್ಲ. ಆ ಸಭಾಂಗಣದಲ್ಲಿ ಈಗ ಉತ್ತರಪತ್ರಿಕೆಗಳ ಮೂಟೆಗಳಿವೆ. ಧಾರವಾಡಕ್ಕೆ ಹೋಗಿ ಒಮ್ಮೆ ಮಾತಾಡಿಸಿ ಬರಬೇಕೆಂದು ಪ್ರತಿ ಬೇಸಿಗೆ ಅಂದುಕೊಂಡೆ. ಹೋದ ವರ್ಷ, ಜೊತೆಗೆ ಹಾಡುತ್ತಿದ್ದ ಬಲಿಯಾ ಊರಿನ ಗೆಳೆಯ ಫೋನ್ ಮಾಡಿ, ಗುರುಜಿ ತೀರಿಕೊಂಡು ಆಗಲೇ ಏಳು ತಿಂಗಳಾಯಿತಂತೆ, ನಿನಗೆ ಗೊತ್ತಾ ಎಂದು ಕೇಳಿದ.

ನಿನ್ನೆ ಇಬ್ಬರು ವಿದ್ಯಾರ್ಥಿನಿಯರು ನನ್ನ ಕೋಣೆಗೆ ಬಂದಿದ್ದರು. ಹಿಂದೆ ಇಲ್ಲಿ ಎಲ್ಲರೂ ಸೇರಿ ಹಾಡುತ್ತಿದ್ದರಂತೆ, ಮತ್ತೆ ಶುರುಮಾಡೋಣ, ನಮಗೆ ನೀವು ಕಲಿಸಿ ಎಂದರು. ಒಂದು ದಿನ ಸಮಯ ಕೊಡಿ, ಒಬ್ಬರನ್ನು ಕೇಳಿ ಹೇಳುತ್ತೇನೆ ಅಂದೆ. ಅವರು ಆಗಲಿ ಎಂದು ಎದ್ದು ಹೋದರು. ಬಾಗಿಲು ಮುಚ್ಚಿದ ಮೇಲೆ, ಯಾರನ್ನು ಕೇಳುವುದು ಎಂದು ಕೂತೇ ಇದ್ದೆ...