ನಷ್ಟ ಇಲ್ಲದ ಗದ್ದೆ

ಇಜಾಬೆಲ್ ನೆನಪಾದಾಗಲೆಲ್ಲ ನನಗೆ ಮೊದಲು ಕಾಣುವುದು ಮಂಜು. ಹಳಿಯಾಳದಾಚೆ ಕಾಡಂಚಿನ ಆ ಸಿದ್ದಿ ಕೇರಿಯಲ್ಲಿ ಹತ್ತು ಗಂಟೆಯಾದರೂ ಮಂಜು ಏಳುತ್ತಿರಲಿಲ್ಲ. ಮನೆ, ದನ, ಮನುಷ್ಯರು ಎಲ್ಲ ಅರ್ಧ ಮಾತ್ರ ಇದ್ದ ಹಾಗೆ ತೋರುತ್ತಿತ್ತು. ಅದರೊಳಗೆ ಸೆರಗು ಬಿಗಿದು ಬದುವಿನ ಮೇಲೆ ನಿಂತವಳು ಅವಳು.

ಅರವತ್ತೊಂದರ ಮಳೆಗಾಲ. ಹಳ್ಳ ಉಕ್ಕಿ ಅವಳ ಇದ್ದೊಂದು ಗದ್ದೆಯ ಮೇಲೆ ಮೊಣಕಾಲುದ್ದ ಮರಳು ಸುರಿದು ಹೋಗಿತ್ತು. ಗಂಡ ತೀರಿಕೊಂಡಿದ್ದ. ಹಿಂದಿನ ವರ್ಷವೇ ಉಣ್ಣಲು ಸಾಲದೆ, ಹತ್ತು ವರ್ಷದ ಮಗಳು ಜುಲಿಯಾನಾಳನ್ನು ಹಳಿಯಾಳದ ಸಾಹುಕಾರರೊಬ್ಬರ ಮನೆಗೆ ಪಾತ್ರೆ ತಿಕ್ಕಲು ಕಳಿಸಿದ್ದಳು. ಬೆಳೆ ಹೋದವರಿಗೆ ಸರ್ಕಾರ ಪರಿಹಾರ ಕೊಡುತ್ತದೆಂಬ ಸುದ್ದಿ ಬಂದಾಗ, ಆ ಹಣದಲ್ಲಿ ವರ್ಷದ ಅಕ್ಕಿ ತಂದಿಟ್ಟು ಮಗಳನ್ನು ಕರೆತರುತ್ತೇನೆಂದು ಕೇರಿಗೆಲ್ಲ ಹೇಳಿಕೊಂಡಿದ್ದಳಂತೆ.

ನಾನು ಪಂಚನಾಮೆ ಬರೆಯುವ ಕಾರಕೂನ. ನಷ್ಟ ನೋಡಲು ಹೊರಟ ಸಾಹೇಬರ ಹಿಂದೆ ದಫ್ತರು ಹೊತ್ತು ಹೋದೆ. ದಾರಿಯೆಲ್ಲ ಕೆಸರು, ಹೋಗುವುದು ತಡವಾಗಿತ್ತು. ನೋಡಿದರೆ ಗದ್ದೆ ಹಸಿರಾಗಿ ನಿಂತಿದೆ!

ಕೇರಿಯವರು ಮುಯ್ಯಾಳು ಬಂದಿದ್ದರು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂದು ಕೂಲಿಯಿಲ್ಲದೆ ದುಡಿಯುವ ಪದ್ಧತಿ ಅದು. ನಾವು ನೋಡುವ ತನಕ ಹಾಳಾದ ಗದ್ದೆ ಹಾಳಾಗಿಯೇ ಇರಬೇಕೆಂಬುದು ಆ ಪುಣ್ಯಾತ್ಮರಿಗೆ ಹೊಳೆದೇ ಇರಲಿಲ್ಲ. ಬುಟ್ಟಿ ಬುಟ್ಟಿ ಮರಳು ಹೊತ್ತು ಹಳ್ಳಕ್ಕೆ ಸುರಿದು, ತಮ್ಮಲ್ಲಿ ಉಳಿದ ಸಸಿಗಳಲ್ಲೇ ಹಿಡಿ ಹಿಡಿ ತಂದು ನೆಟ್ಟುಬಿಟ್ಟಿದ್ದರು.

ಸಾಹೇಬರು ಒಳ್ಳೆಯವರು. ಹಸಿರು ಗದ್ದೆಗೆ ಪರಿಹಾರ ಬರೆಯಲಾಗದು, ಶುಕ್ರವಾರ ಇದೇ ದಾರಿಯಲ್ಲಿ ಮರಳಿ ಬರುತ್ತೇವೆ, ಅಷ್ಟರಲ್ಲಿ ಸಸಿ ಇಲ್ಲದಿದ್ದರೆ ನಾನೇನೂ ಕೇಳುವುದಿಲ್ಲ ಎಂದರು. ತಡವಾಗಿ ನೆಟ್ಟ ಭತ್ತ ಕಾಳು ಕಟ್ಟುವುದು ಅನುಮಾನ, ದುಡ್ಡಾದರೆ ಖಾತ್ರಿ ಎಂದು ನಾನೇ ಅವಳಿಗೆ ಬಿಡಿಸಿ ಹೇಳಿದೆ. ಮಹಾ ಬುದ್ಧಿವಂತ ನಾನು.

ಶುಕ್ರವಾರವೂ ಗದ್ದೆ ಹಾಗೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ನಾಲ್ಕು ಸಸಿ ಕಿತ್ತು ಮತ್ತೆ ಊರಿದ ಗುರುತಿತ್ತು. ಇಜಾಬೆಲ್ ಮಂಜಿನೊಳಗೆ ಕೈ ತೋರಿಸುತ್ತ ಮೆಲ್ಲಗೆ ಹೇಳಿದಳು:

“ಈ ಸಾಲು ಮಿಂಗೇಲ್ ಮುದುಕಂದ್ರಿ. ಕಣ್ಣು ಕಾಣಂಗಿಲ್ಲ, ಅದಕ್ಕ ಸೊಟ್ಟ ಐತಿ. ಅದು ರೊಜಾರಿಯೊನ ಹೇಣ್ತೀದು. ಬಸುರಿ, ಬಗ್ಗಾಕ ಆಗ್ತಿರಲಿಲ್ಲ ಆಕಿಗೆ. ಯಾರ ಸಾಲಿಗೆ ಕೈ ಹಾಕ್ಲಿ? ನಷ್ಟ ಇಲ್ಲ ಅಂತ ಬರಕೋರಿ.”

ಬರೆದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಹೆತ್ತ ಮಗಳಿಗಿಂತ ನಾಲ್ಕು ಸಾಲು ಸಸಿ ಹೆಚ್ಚಾಯಿತೇ ಎಂದು ಹಳಿಯಾಳದ ತನಕ ಗೊಣಗಿದೆ.

ಸುಗ್ಗಿಯಲ್ಲಿ ಬೇರೇನೋ ಕೆಲಸಕ್ಕೆ ಆ ದಾರಿ ಹಿಡಿದೆ. ಅದೇ ಮಂಜು. ಭತ್ತ ಅರ್ಧಕ್ಕರ್ಧ ಜೊಳ್ಳು. ಕೊಯ್ಯುವವರ ನಡುವೆ ಹುಡುಗಿಯೊಬ್ಬಳು ಸಿವುಡು ಕಟ್ಟುತ್ತಿದ್ದಳು. ಕೇಳಿದರೆ, ಜುಲಿಯಾನಾ! ಇಜಾಬೆಲ್ ಸಸಿ ಕೀಳಲಿಲ್ಲವೆಂಬ ಸುದ್ದಿ ಕೇರಿಗೆ ತಿಳಿದ ಮರುದಿನವೇ ಮಿಂಗೇಲ್ ಮುದುಕ ಕೋಲೂರಿಕೊಂಡು ಹಳಿಯಾಳಕ್ಕೆ ನಡೆದು ಅವಳನ್ನು ಕರೆತಂದನಂತೆ.

ಕಾಳು ವರ್ಷಕ್ಕೆ ಸಾಲುತ್ತದೆಯೇ ಎಂದು ಇಜಾಬೆಲ್‌ಳನ್ನು ಕೇಳಿದೆ.

“ಎಲ್ಲಿ ಸಾಲ್ತೈತ್ರಿ,” ಎಂದಳು. “ಹುಡುಗಿ ದಿನಕ್ಕೊಂದು ಮನ್ಯಾಗ ಉಣ್ತಾಳ.”